ಸಹಾಯ ಬೇಕು: ಜರ್ಮನ್ ಕಾರು ಬಿಟ್ಟು ಲೆಕ್ಸಸ್ ಐಎಸ್ 500 ತಗೊಳ್ಳಲಾ?

ಎಲ್ಲರಿಗೂ ನಮಸ್ಕಾರ. ನಾನಿರುವುದು ಶಿಕಾಗೋದಲ್ಲಿ. 6 ವರ್ಷದಿಂದ ಜರ್ಮನ್ ಸೆಡಾನ್ ಓಡಿಸುತ್ತಿದ್ದೇನೆ. ಟರ್ಬೋ ಎಂಜಿನ್, ನಾಲ್ಕೂ ಚಕ್ರಕ್ಕೆ ಪವರ್. ತುಂಬಾ ಇಷ್ಟದ ಗಾಡಿ. ಆದರೆ ವಾರಂಟಿ ಮುಗಿದ ಮೇಲೆ ಒಮ್ಮೆ ಕೂಲಂಟ್ ಸೋರಿಕೆ, ಒಮ್ಮೆ ಆಯಿಲ್ ಸೋರಿಕೆ. ಗ್ಯಾರೇಜಿಗೆ ಅಲೆದು ಸಾಕಾಗಿದೆ.

ಈಗ ಸೆಕೆಂಡ್ ಹ್ಯಾಂಡ್ ಐಎಸ್ 500 ನೋಡಿದ್ದೇನೆ. 5 ಲೀಟರ್ ವಿ8 (ಎಂಟು ಸಿಲಿಂಡರ್) ಎಂಜಿನ್, ಟರ್ಬೋ ಇಲ್ಲ, 472 ಹಾರ್ಸ್‌ಪವರ್. ಆ ಸದ್ದಿಗೇ ಮನಸ್ಸು ಸೋತಿದೆ! ಆದರೆ ಪೂರ್ತಿ ಶಕ್ತಿ ಸಿಗುವುದು 7,100 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗಿದಾಗ). ನನ್ನ ಕಾರು 2,000ಕ್ಕೇ ಚೆನ್ನಾಗಿ ಎಳೆಯುತ್ತದೆ. ದಿನಾ ಟ್ರಾಫಿಕ್‌ನಲ್ಲಿ ಐಎಸ್ 500 ಮಂದ ಅನ್ನಿಸುತ್ತಾ?

ಅದಕ್ಕಿಂತ ಜಾಸ್ತಿ ಚಿಂತೆ ಹಿಮದ್ದು. ಇದರಲ್ಲಿ ಹಿಂದಿನ ಚಕ್ರಕ್ಕೆ ಮಾತ್ರ ಪವರ್. ಒಳ್ಳೆಯ ವಿಂಟರ್ ಟೈರ್ ಹಾಕಿದರೆ ಸಾಕಾ? ಹೀಗೆ ಬದಲಾಯಿಸಿದವರು ಇದ್ದರೆ ದಯವಿಟ್ಟು ಹೇಳಿ.