ಅಡುಗೆಮನೆಯ ಕಪಾಟಿಗೂ ಗೋಡೆಗೂ ಬಣ್ಣ: ಯಾವುದನ್ನು ಮೊದಲು ಆರಿಸಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಅಡುಗೆಮನೆಯ ಮರದ ಕಪಾಟುಗಳಿಗೂ ಗೋಡೆಗಳಿಗೂ ಹೊಸದಾಗಿ ಬಣ್ಣ ಹಚ್ಚಿಸಬೇಕೆಂದು ಹೊರಟು ಒಂದೂವರೆ ತಿಂಗಳಾಯಿತು. ಯಾವ ಬಣ್ಣ ಎಂಬುದೇ ಇನ್ನೂ ತೀರ್ಮಾನವಾಗಿಲ್ಲ. ಅಡುಗೆಕಟ್ಟೆಯ ಕಲ್ಲು ಕಪ್ಪಿಗೆ ಹತ್ತಿರವಾದ ಗಾಢ ಬಣ್ಣದ್ದು, ನೆಲದ ಟೈಲ್ಸ್ ಕೆನೆಬಣ್ಣದ್ದು. ಇವೆರಡನ್ನೂ ಬದಲಿಸುವ ಉದ್ದೇಶವಿಲ್ಲ. ಕಪಾಟುಗಳಿಗೆ ಈಗ ಕಡು ಕಂದು ಪಾಲಿಶ್ ಇದೆ. ಇರುವುದು ಪೂರ್ವದ ಕಡೆಗೆ ಒಂದೇ ಕಿಟಕಿ. ಆದ್ದರಿಂದ ಬೆಳಗಿನ ಹೊತ್ತು ಬಿಸಿಲು ಚೆನ್ನಾಗಿ ಬೀಳುತ್ತದೆ, ಮಧ್ಯಾಹ್ನದ ಮೇಲೆ ದೀಪ ಬೇಕಾಗುತ್ತದೆ.

ಶೇಡ್ ಕಾರ್ಡ್ ನೋಡಿ ಗೋಡೆಗೆಂದು ಒಂದು ತಿಳಿ ಬೂದು ಬಣ್ಣ ಆರಿಸಿ, ಸಿಂಕಿನ ಪಕ್ಕದ ಗೋಡೆಯ ಮೇಲೆ ಮೊಳದಗಲದ ಪಟ್ಟಿಯೊಂದನ್ನು ಹಚ್ಚಿ ನೋಡಿದೆವು. ಬೆಳಿಗ್ಗೆ ಅದು ನಾನು ಬಯಸಿದ್ದ ಬೂದು ಬಣ್ಣವೇ ಆಗಿತ್ತು. ಸಂಜೆ ಟ್ಯೂಬ್‌ಲೈಟ್ ಹಾಕಿದ ಮೇಲೆ ಅದೇ ಪಟ್ಟಿ ತಿಳಿ ನೇರಳೆಗೆ ತಿರುಗಿತ್ತು. ಬಣ್ಣ ಬೆರೆಸುವಾಗ ತಪ್ಪಾಗಿರಬೇಕೆಂದು ಡಬ್ಬಿಯನ್ನೇ ಅಂಗಡಿಗೆ ಒಯ್ದು ಕೇಳಿದೆ. ಅವರು ಕಾರ್ಡಿನ ಪಕ್ಕದಲ್ಲಿಟ್ಟು ತೋರಿಸಿದಾಗ ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ. ಹೀಗೇಕೆ ಆಯಿತೆಂಬುದು ನನಗೆ ತಿಳಿಯಬೇಕಾಗಿದೆ.

ಇನ್ನೊಂದು ಮಾತು. ನಮ್ಮ ಅತ್ತೆಯವರಿಗೆ ದೃಷ್ಟಿ ಮಂದವಾಗಿದೆ. ಅಡುಗೆಮನೆಯ ಕೆಲಸವನ್ನು ಅವರು ಬಿಟ್ಟಿಲ್ಲ, ಬಿಡುವ ಮನಸ್ಸೂ ಅವರಿಗಿಲ್ಲ. ಕಟ್ಟೆಯ ಅಂಚು ಎಲ್ಲಿ ಮುಗಿಯುತ್ತದೆಂದು ಗೊತ್ತಾಗದೆ ಕಳೆದ ತಿಂಗಳು ಎರಡು ಸಲ ಪಾತ್ರೆ ಕೆಳಗೆ ಬಿತ್ತು. ಬಣ್ಣದ ಆಯ್ಕೆಯಿಂದ ಅವರಿಗೆ ಏನಾದರೂ ಅನುಕೂಲ ಮಾಡಿಕೊಡಲು ಸಾಧ್ಯವೇ? ಕೆಳಗಿನ ಕಪಾಟುಗಳಿಗೆ ಕಡು ಹಸಿರು ಹಚ್ಚಬೇಕೆಂಬುದು ನನ್ನ ಬಹಳ ದಿನಗಳ ಆಸೆ. ಮೇಲಿನ ಕಪಾಟುಗಳಿಗೂ ಗೋಡೆಗೂ ಯಾವುದು ಹೊಂದುತ್ತದೆ, ಮತ್ತು ಇವುಗಳಲ್ಲಿ ಮೊದಲು ಆರಿಸಬೇಕಾದದ್ದು ಯಾವುದು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಮೊದಲ ಉತ್ತರ

ನಿಮ್ಮ ಡಬ್ಬಿಯಲ್ಲಿ ದೋಷವಿಲ್ಲ, ನಿಮ್ಮ ಕಣ್ಣಿನಲ್ಲಿಯೂ ಇಲ್ಲ. ಬೂದು ಎಂದು ನಾವು ಕರೆಯುವ ಬಣ್ಣಗಳಲ್ಲಿ ಅಪ್ಪಟ ಬೂದು ಬಹಳ ಕಡಿಮೆ. ಒಂದರ ಅಡಿಯಲ್ಲಿ ನೀಲಿ, ಇನ್ನೊಂದರ ಅಡಿಯಲ್ಲಿ ಹಸಿರು, ಮತ್ತೊಂದರ ಅಡಿಯಲ್ಲಿ ನೇರಳೆ ಇರುತ್ತದೆ, ಮತ್ತು ಆ ಒಳಛಾಯೆ ಹೊರಗೆ ಬರುವುದೂ ಅಡಗಿಕೊಳ್ಳುವುದೂ ಅದರ ಮೇಲೆ ಬೀಳುವ ಬೆಳಕನ್ನೂ ಅದರ ನೆರೆಯಲ್ಲಿರುವ ಬಣ್ಣವನ್ನೂ ಅವಲಂಬಿಸಿರುತ್ತದೆ. ಬೆಳಗಿನ ಎಳೆಬಿಸಿಲಿನಲ್ಲಿ ಹಳದಿಯ ಅಂಶ ಹೆಚ್ಚು, ಆದ್ದರಿಂದ ಆ ಹೊತ್ತಿನಲ್ಲಿ ನೇರಳೆಯ ಛಾಯೆ ಮುಚ್ಚಿಹೋಗಿರುತ್ತದೆ. ನಿಮ್ಮ ಟ್ಯೂಬ್‌ಲೈಟ್ ಬಹುಶಃ 6500 ಕೆಲ್ವಿನ್‌ನದು, ಅಂದರೆ ನೀಲಿ ಬೆರೆತ ಬಿಳಿ ಬೆಳಕಿನದು. ಅದರ ಕೆಳಗೆ ಒಳಛಾಯೆ ಎದ್ದು ಕಾಣುತ್ತದೆ.

ನೆಲದ ಟೈಲ್ಸ್ ಕೂಡ ಇದರಲ್ಲಿ ಪಾಲುದಾರ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸಿನ ಗೋಬ್ಲೆ ನೇಯ್ಗೆ ಕಾರ್ಖಾನೆಯ ಬಣ್ಣಗಾರಿಕೆ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ರಸಾಯನ ವಿಜ್ಞಾನಿ ಶೆವ್ರೊಲ್ ಅವರ ಮುಂದೆ, ಕಪ್ಪು ನೂಲಿನ ಬಣ್ಣ ಸಾಕಷ್ಟು ಗಾಢವಾಗಿಲ್ಲವೆಂಬ ದೂರು ಬಂದಿತ್ತು. ನೂಲನ್ನು ಪರೀಕ್ಷಿಸಿದರೆ ಬಣ್ಣ ಸರಿಯಾಗಿಯೇ ಇತ್ತು. ನೀಲಿ ಮತ್ತು ನೇರಳೆ ನೂಲಿನ ಪಕ್ಕದಲ್ಲಿ ನೇಯ್ದಾಗ ಮಾತ್ರ ಅದು ಕಳೆಗುಂದಿದಂತೆ ಕಾಣುತ್ತಿತ್ತು. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ತಮಗೆ ವಿರುದ್ಧವಾದ ದಿಕ್ಕಿಗೆ ತಳ್ಳುತ್ತವೆ ಎಂಬುದನ್ನು ಅವರು 1839ರಲ್ಲಿ ವಿಸ್ತಾರವಾಗಿ ಪ್ರಕಟಿಸಿದರು. ಹಳದಿಗೆ ಎದುರಾದ ಬಣ್ಣ ನೇರಳೆಯ ಕಡೆಯದು. ಹಳದಿ ಮಿಶ್ರಿತ ಕೆನೆಬಣ್ಣದ ನೆಲದ ಜೊತೆಗೆ ನಿಂತ ಬೂದು ಗೋಡೆ ನೇರಳೆಯ ಕಡೆಗೆ ವಾಲುವುದು ಈ ಕಾರಣದಿಂದಲೇ.

ಆದ್ದರಿಂದ ಮೊದಲು ಯಾವುದು ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಬದಲಿಸಲಾಗದ ವಸ್ತುಗಳಿಂದ ಆರಂಭಿಸಬೇಕು, ಸುಲಭವಾಗಿ ಬದಲಿಸಬಹುದಾದದ್ದನ್ನು ಕೊನೆಗೆ ಇಟ್ಟುಕೊಳ್ಳಬೇಕು. ಕಲ್ಲು ಮತ್ತು ಟೈಲ್ಸ್ ನಿಮ್ಮಲ್ಲಿ ಈಗಾಗಲೇ ಇವೆ. ಅವುಗಳಿಗೆ ಹೊಂದುವ ಕಪಾಟಿನ ಬಣ್ಣವನ್ನು ಆರಿಸಿಕೊಂಡ ಮೇಲೆಯೇ ಗೋಡೆಯ ಮಾತು. ಗೋಡೆಯನ್ನು ಎರಡು ದಿನಗಳಲ್ಲಿ ಮತ್ತೆ ಬಳಿಯಬಹುದು, ಕಪಾಟನ್ನು ಹಾಗೆ ಮಾಡಲಾಗದು. ಹಗಲು ಹೊತ್ತಿನಲ್ಲಿ ಅಪ್ಪಟ ಬಿಳಿ ಕಾಗದದ ಹಾಳೆಯೊಂದನ್ನು ಕಲ್ಲಿನ ಮೇಲೂ ಆಮೇಲೆ ಟೈಲ್ಸ್ ಮೇಲೂ ಇಟ್ಟು ನೋಡಿ. ಕಾಗದದ ಬಿಳಿಯ ಪಕ್ಕದಲ್ಲಿ ಅವುಗಳ ನಿಜವಾದ ಛಾಯೆ ತಾನಾಗಿಯೇ ಕಾಣುತ್ತದೆ.

ಇನ್ನು ಮುಂದೆ ಮಾದರಿಯನ್ನು ಗೋಡೆಯ ಮೇಲೆ ಹಚ್ಚಬೇಡಿ. ಎರಡು ಅಡಿ ಉದ್ದ ಮತ್ತು ಅಷ್ಟೇ ಅಗಲದ ಹಲಗೆ ಅಥವಾ ದಪ್ಪ ರಟ್ಟಿಗೆ ಎರಡು ಕೋಟ್ ಹಚ್ಚಿ, ಸುತ್ತಲೂ ಎರಡು ಬೆರಳಿನಷ್ಟು ಬಿಳಿ ಅಂಚು ಬಿಡಿ. ಹಳೆಯ ಗೋಡೆಯ ಬಣ್ಣ ನಿಮ್ಮ ತೀರ್ಪನ್ನು ಕೆಡಿಸದಂತೆ ಆ ಅಂಚು ಕಾಯುತ್ತದೆ. ಹಲಗೆಯನ್ನು ಗೋಡೆಗೆ ಆನಿಸಿ ನೆಟ್ಟಗೆ ನಿಲ್ಲಿಸಿ ನೋಡಬೇಕು, ಏಕೆಂದರೆ ಮೇಜಿನ ಮೇಲೆ ಮಲಗಿಸಿದ ಬಣ್ಣ ನಿಲ್ಲಿಸಿದ ಬಣ್ಣಕ್ಕಿಂತ ತಿಳಿಯಾಗಿ ತೋರುವುದು ಸಾಮಾನ್ಯ. ಎಮಲ್ಷನ್, ಅಂದರೆ ಗೋಡೆಗೆ ಹಚ್ಚುವ ನೀರು ಮೂಲದ ಬಣ್ಣ, ಹಸಿಯಾಗಿದ್ದಾಗ ತಿಳಿಯಾಗಿದ್ದು ಒಣಗಿದಂತೆ ಗಾಢವಾಗುವುದರಿಂದ ಪೂರ್ತಿ ಒಣಗುವವರೆಗೆ ಏನನ್ನೂ ತೀರ್ಮಾನಿಸಬೇಡಿ. ದೀಪ ಬದಲಿಸುವ ಯೋಚನೆಯಿದ್ದರೆ ಅದನ್ನು ಬಣ್ಣ ಕೊಳ್ಳುವ ಮೊದಲೇ ಬದಲಿಸಿ. 4000 ಕೆಲ್ವಿನ್ ಸುತ್ತಮುತ್ತಲಿನ, ಸಿಆರ್‌ಐ (ದೀಪದ ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಂಕಿ) 90 ಅಥವಾ ಅದಕ್ಕಿಂತ ಹೆಚ್ಚೆಂದು ಬರೆದಿರುವ ದೀಪ ಅಡುಗೆಮನೆಗೆ ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು

ವಿವರವಾಗಿ ಬರೆದಿದ್ದಕ್ಕೆ ಅನಂತ ಧನ್ಯವಾದಗಳು. ಕಾಗದದ ಪರೀಕ್ಷೆಯನ್ನು ಇಂದು ಬೆಳಿಗ್ಗೆಯೇ ಮಾಡಿದೆ. ಹತ್ತು ವರ್ಷಗಳಿಂದ ನಾನು ಕಪ್ಪು ಎಂದು ತಿಳಿದಿದ್ದ ಕಲ್ಲು ಕಪ್ಪಲ್ಲ, ಪಾಚಿಯಂಥ ಹಸಿರು! ಅದರೊಳಗಿನ ಚುಕ್ಕೆಗಳು ಜೇನಿನ ಕಂದು. ಟೈಲ್ಸ್ ಅಂತೂ ನಾನು ಎಣಿಸಿದ್ದಕ್ಕಿಂತ ಬಹಳ ಹಳದಿ. ಟ್ಯೂಬ್‌ಲೈಟ್ ಪೆಟ್ಟಿಗೆಯ ಮೇಲೆ 6500 ಎಂದೇ ಇತ್ತು. ಕಲ್ಲಿನಲ್ಲಿಯೇ ಹಸಿರು ಇರುವುದರಿಂದ ಕಡು ಹಸಿರು ಕಪಾಟು ಹೊಂದುತ್ತದೆ ಎಂದುಕೊಳ್ಳಬಹುದೇ?

ಎರಡನೆಯ ಉತ್ತರ

ಛಾಯೆಯ ಮಟ್ಟಿಗೆ ಹೊಂದುತ್ತದೆ. ಆದರೆ ನಿಮ್ಮ ಅತ್ತೆಯವರ ಕಣ್ಣಿನಿಂದ ನೋಡಿದರೆ ಅದೇ ತೊಂದರೆ ಮುಂದುವರಿಯುತ್ತದೆ. ನನ್ನ ತಂದೆಯವರ ದೃಷ್ಟಿ ಕಡಿಮೆಯಾದಾಗ ನಾವು ಇಡೀ ಅಡುಗೆಮನೆಯನ್ನು ಮರುಯೋಚಿಸಬೇಕಾಗಿ ಬಂದಿದ್ದರಿಂದ ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅನೇಕ ಕಂಪನಿಗಳ ಶೇಡ್ ಕಾರ್ಡುಗಳಲ್ಲಿ ಬಣ್ಣದ ಹೆಸರಿನ ಹತ್ತಿರ ಎಲ್‌ಆರ್‌ವಿ ಎಂಬ ಅಂಕಿಯಿರುತ್ತದೆ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟು ಪಾಲನ್ನು ಆ ಬಣ್ಣ ಹಿಂದಕ್ಕೆ ಕೊಡುತ್ತದೆ ಎಂಬುದರ ಅಳತೆ ಅದು: ಪೂರ್ಣ ಕಪ್ಪಿಗೆ 0, ಪೂರ್ಣ ಬಿಳಿಗೆ 100. ದೃಷ್ಟಿ ಮಂದವಾದವರು ಎರಡು ಮೇಲ್ಮೈಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕಾದರೆ ಅವುಗಳ ನಡುವೆ ಸುಮಾರು 30 ಅಂಕಗಳ ಅಂತರ ಇರಬೇಕೆಂಬುದು ಕಟ್ಟಡ ವಿನ್ಯಾಸದಲ್ಲಿ ಬಳಕೆಯಲ್ಲಿರುವ ಸೂತ್ರ. ಕೆಂಪು ಮತ್ತು ಹಸಿರು ನಮಗೆ ಎಷ್ಟೇ ಬೇರೆಯಾಗಿ ಕಂಡರೂ ಎರಡರ ಅಂಕಿ ಒಂದೇ ಆಗಿದ್ದರೆ ಅವರಿಗೆ ಎರಡೂ ಕಲೆತುಹೋಗುತ್ತವೆ. ನಿಮ್ಮ ಕಲ್ಲಿನಂಥ ಗಾಢ ಮೇಲ್ಮೈಗೆ 10ರ ಆಸುಪಾಸಿನ ಅಂಕಿಯಿದ್ದೀತು, ಕಡು ಹಸಿರಿಗೂ ಹೆಚ್ಚುಕಡಿಮೆ ಅಷ್ಟೇ. ಈಗಿನ ಕಂದು ಪಾಲಿಶಿನ ಜಾಗದಲ್ಲಿ ಕಡು ಹಸಿರು ಬಂದರೂ ಕಟ್ಟೆಯ ಅಂಚು ಅವರಿಗೆ ಸಿಗುವುದಿಲ್ಲ.

ಕೆಳಗಿನ ಕಪಾಟುಗಳಿಗೆ 45ರಿಂದ 50 ಅಂಕಿಯ, ಬೂದು ಬೆರೆತ ಮಂದ ಹಸಿರನ್ನು ನೋಡಿ. ಕಲ್ಲಿನ ಹಸಿರಿಗೆ ಅದು ಒಂದೇ ಕುಲದ ಬಣ್ಣವಾಗುತ್ತದೆ, ಕಟ್ಟೆಯ ಅಂಚೂ ಗೆರೆ ಎಳೆದಂತೆ ಕಾಣುತ್ತದೆ. ಗೋಡೆಗೂ ಮೇಲಿನ ಕಪಾಟುಗಳಿಗೂ ಹಳದಿಯ ಕಡೆಗೆ ಸ್ವಲ್ಪ ವಾಲಿದ, 75ರಿಂದ 80 ಅಂಕಿಯ ಮಾಸಲು ಬಿಳಿ ಸಾಕು. ಹಾಲಿನಂಥ ಅಪ್ಪಟ ಬಿಳಿಯನ್ನು ಹಚ್ಚಿದರೆ ಆ ನೆಲದ ಪಕ್ಕದಲ್ಲಿ ಗೋಡೆ ನೀಲಿಗಟ್ಟಿದಂತೆಯೂ ಟೈಲ್ಸ್ ಕೊಳೆಯಾದಂತೆಯೂ ತೋರುವ ಸಂಭವವಿದೆ.

ನಿಮ್ಮ ಕಡು ಹಸಿರಿಗೂ ಒಂದು ಜಾಗವಿದೆ. ಮೇಲಿನ ಕಪಾಟಿನ ಬಾಗಿಲು ತೆರೆದಿದ್ದಾಗ, ಅದರ ತೆಳುವಾದ ಅಂಚು ನೇರವಾಗಿ ನಮ್ಮ ಕಡೆಗೆ ತಿರುಗಿರುತ್ತದೆ. ಗೋಡೆಯ ಬಣ್ಣದ್ದೇ ಆದ ಆ ಅಂಚು ಕಾಣದೆ ನನ್ನ ತಂದೆಯವರ ಹಣೆಗೆ ಪೆಟ್ಟಾಯಿತು. ಆಮೇಲೆ ನಾವು ಎಲ್ಲ ಬಾಗಿಲುಗಳ ಅಂಚಿಗೆ ಮಾತ್ರ ಕಡು ಬಣ್ಣ ಹಚ್ಚಿದೆವು. ಬಾಗಿಲು ಮುಚ್ಚಿದ್ದಾಗ ಸಂದಿನಲ್ಲಿ ತೆಳು ಗೆರೆಯಷ್ಟೇ ಕಾಣುತ್ತದೆ, ತೆರೆದ ಕೂಡಲೇ ಗಾಢವಾದ ಪಟ್ಟಿ ಎದುರಿಗೆ ಬರುತ್ತದೆ. ಹಿಡಿಗಳನ್ನೂ ಅದೇ ಗಾಢ ಬಣ್ಣದವನ್ನೇ ಹಾಕಿಸಿ. ಕಪಾಟಿನ ಒಳಭಾಗ ಮಾತ್ರ ತಿಳಿಯಾಗಿರಲಿ, ಒಳಗಿರುವ ಪಾತ್ರೆ ಹುಡುಕುವುದು ಸುಲಭವಾಗುತ್ತದೆ.

ಮೂರನೆಯ ಉತ್ತರ

ಬಣ್ಣದ ಕೆಲಸವನ್ನು ಇಪ್ಪತ್ತು ವರ್ಷಗಳಿಂದ ಮಾಡಿಕೊಂಡು ಬಂದಿರುವವನು ನಾನು. ಮೇಲಿನ ಇಬ್ಬರ ಮಾತಿಗೂ ನನ್ನ ಒಪ್ಪಿಗೆಯಿದೆ. ಹೊಳಪಿನ ವಿಷಯವನ್ನು ಯಾರೂ ಎತ್ತಲಿಲ್ಲ, ಅದನ್ನು ಸೇರಿಸುತ್ತೇನೆ. ಒಂದೇ ಬಣ್ಣ ಹೊಳಪಿಲ್ಲದ ಮ್ಯಾಟ್‌ನಲ್ಲಿ ತಿಳಿಯಾಗಿಯೂ ಪೂರ್ತಿ ಹೊಳಪಿನ ಗ್ಲಾಸಿಯಲ್ಲಿ ಗಾಢವಾಗಿಯೂ ಕಾಣುತ್ತದೆ. ಆದ್ದರಿಂದ ಮಾದರಿ ಹಲಗೆಗೆ ಹಚ್ಚುವಾಗಲೂ ಕೊನೆಗೆ ಯಾವ ಹೊಳಪಿನದನ್ನು ಬಳಸುತ್ತೀರೋ ಅದನ್ನೇ ಹಚ್ಚಬೇಕು. ಪೂರ್ತಿ ಹೊಳಪಿನ ಕಪಾಟು ಒರೆಸಲು ಸುಲಭವಾದರೂ ಕಿಟಕಿಯ ಬೆಳಕನ್ನು ಕನ್ನಡಿಯಂತೆ ಕಣ್ಣಿಗೆ ಎರಚುತ್ತದೆ, ಮರದ ಸಣ್ಣ ತಗ್ಗು ಉಬ್ಬುಗಳನ್ನೂ ಎತ್ತಿ ತೋರಿಸುತ್ತದೆ. ವಯಸ್ಸಾದ ಕಣ್ಣಿಗೆ ಆ ಝಳ ಬಹಳ ಹಿಂಸೆ. ಕಪಾಟಿಗೆ ಮಂದ ಹೊಳಪಿನ ಸ್ಯಾಟಿನ್ ಸಾಕು. ಗೋಡೆಗೆ ತೊಳೆಯಬಲ್ಲ, ಕಡಿಮೆ ಹೊಳಪಿನ ಎಮಲ್ಷನ್ ಇರಲಿ, ಒಲೆಯ ಹಿಂದೆ ಮಾತ್ರ ಟೈಲ್ಸ್ ಇದ್ದರೆ ಒಳ್ಳೆಯದು.

ಬಿಳಿ ಅಥವಾ ಮಾಸಲು ಬಿಳಿ ಕಪಾಟಿಗೆ ಎಣ್ಣೆ ಮೂಲದ ಎನಾಮೆಲ್ ಬೇಡ. ಬೆಳಕು ಬೀಳದ ಜಾಗದಲ್ಲಿ ಅದು ಕ್ರಮೇಣ ಹಳದಿಗಟ್ಟುತ್ತದೆ, ಅದರಲ್ಲೂ ಬಾಗಿಲಿನ ಒಳಮೈ ಹೊರಮೈಗಿಂತ ಬೇಗ. ನೀರು ಮೂಲದ ಎನಾಮೆಲ್‌ನಲ್ಲಿ ಈ ತೊಂದರೆ ತೀರಾ ಕಡಿಮೆ.

ಆರಿಸಿದ ಬಣ್ಣ ಎಷ್ಟೇ ಚೆನ್ನಾಗಿದ್ದರೂ ಮೈ ಸಿದ್ಧಮಾಡದೆ ಹಚ್ಚಿದರೆ ಆರು ತಿಂಗಳಲ್ಲಿ ಹಿಡಿಯ ಸುತ್ತ ಎದ್ದು ಬರುತ್ತದೆ, ಕೈಯ ಜಿಡ್ಡು ಅಲ್ಲಿಯೇ ಹೆಚ್ಚು. ಉಪ್ಪುಕಾಗದ ಮುಟ್ಟುವ ಮೊದಲು ಜಿಡ್ಡನ್ನು ಪೂರ್ತಿ ತೊಳೆಯಬೇಕು, ಇಲ್ಲವಾದರೆ ಉಜ್ಜಿದಷ್ಟೂ ಜಿಡ್ಡು ಮರದೊಳಕ್ಕೆ ಇಳಿಯುತ್ತದೆ. ಅನಂತರ 180ನೆಯ ನಂಬರಿನ ಉಪ್ಪುಕಾಗದ, ಕೊನೆಗೆ ಅದಕ್ಕಿಂತ ನಯವಾದ 220ರದು, ಧೂಳು ಒರೆಸಿದ ಮೇಲೆ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಹಚ್ಚುವ ಅಡಿಲೇಪ. ಕಂದು ಪಾಲಿಶಿನ ಮೇಲೆ ತಿಳಿ ಬಣ್ಣ ಹಚ್ಚುವಾಗ ಮರದ ಕಂದು ಕರೆ ಮೇಲಕ್ಕೆ ಒಸರಿ ಹಳದಿ ಕಲೆಯಾಗಬಹುದು, ಅದನ್ನು ತಡೆಯಲು ಅರಗು ಮೂಲದ ಪ್ರೈಮರ್ ಉತ್ತಮ. ಮೊದಲು ಒಂದೇ ಬಾಗಿಲಿನ ಒಳಮೈಗೆ ಎಲ್ಲ ಹಂತಗಳನ್ನೂ ಮಾಡಿ, ನಾಲ್ಕು ದಿನ ಬಿಟ್ಟು ಉಗುರಿನಿಂದ ಗೀರಿ ನೋಡಿ. ಪಾಲಿಶಿನ ಕೆಳಗೆ ಬಹಳ ಹಳೆಯ ಪೇಂಟ್ ಏನಾದರೂ ಸಿಕ್ಕರೆ ಅದರಲ್ಲಿ ಸೀಸ ಇರಬಹುದು. ಪರೀಕ್ಷಿಸದೆ ಒಣದಾಗಿ ಉಜ್ಜಬೇಡಿ.

ಬಾಗಿಲುಗಳನ್ನು ಕಳಚುವಾಗ ಕೀಲಿನ ಗುಂಡಿಯೊಳಗೆ ಸಂಖ್ಯೆ ಬರೆದಿಟ್ಟುಕೊಳ್ಳಿ, ಅಲ್ಲಿ ಬಣ್ಣ ತಾಗುವುದಿಲ್ಲ. ಒಂದಕ್ಕಿಂತ ಹೆಚ್ಚು ಡಬ್ಬಿ ಬೇಕಾದರೆ ಎಲ್ಲವನ್ನೂ ಒಂದೇ ಬಕೆಟ್ಟಿಗೆ ಸುರಿದು ಕಲಸಿದ ಮೇಲೆಯೇ ಕೆಲಸ ಆರಂಭಿಸಿ. ಬಣ್ಣ ಕೆಲವೇ ಗಂಟೆಗಳಲ್ಲಿ ಕೈಗೆ ಅಂಟದಷ್ಟು ಒಣಗುತ್ತದೆ, ಪೂರ್ತಿ ಗಟ್ಟಿಯಾಗಲು ಮೂರು ನಾಲ್ಕು ವಾರಗಳೇ ಬೇಕು. ಅಲ್ಲಿಯವರೆಗೆ ಒರಟು ಬಟ್ಟೆಯಿಂದ ತಿಕ್ಕಬಾರದು.

ಪ್ರಶ್ನೆ ಕೇಳಿದವರು

ಹದಿನೈದು ದಿನಗಳ ಅನಂತರ ಬರೆಯುತ್ತಿದ್ದೇನೆ. ಟ್ಯೂಬ್‌ಲೈಟ್ ಬದಲಾಯಿಸಿ 4000 ಕೆಲ್ವಿನ್‌ನದನ್ನು ಹಾಕಿಸಿದೆವು. ಮೂರು ಮಂದ ಹಸಿರುಗಳನ್ನು ಹಲಗೆಗಳಿಗೆ ಹಚ್ಚಿ ಕಟ್ಟೆಯ ಕೆಳಗೆ ನಿಲ್ಲಿಸಿ, ಯಾವುದು ಯಾವುದೆಂದು ಹೇಳದೆ ಅತ್ತೆಯವರನ್ನು ಬಾಗಿಲ ಬಳಿ ನಿಲ್ಲಿಸಿ ಕಟ್ಟೆಯ ಅಂಚನ್ನು ತೋರಿಸಲು ಕೇಳಿದೆ. 38ರ ಅಂಕಿಯ ಹಲಗೆಯ ಮುಂದೆ ಅವರು ತಡವರಿಸಿದರು. 47ರದರ ಮುಂದೆ ನೇರವಾಗಿ ಬಂದು ಅಂಚಿನ ಮೇಲೆ ಕೈಯಿಟ್ಟರು. ನನಗೆ ಹೆಚ್ಚು ಇಷ್ಟವಾಗಿದ್ದದ್ದು 38ರದು. ಆದರೂ ಅಲ್ಲಿಗೆ ಆ ಚರ್ಚೆ ಮುಗಿಯಿತು.

ಗೋಡೆಗೆ ಹಳದಿ ಛಾಯೆಯ ಮಾಸಲು ಬಿಳಿಯ ಹಲಗೆಯೊಂದನ್ನು ಸಿಂಕಿನ ಪಕ್ಕದಲ್ಲಿ ನಿಲ್ಲಿಸಿದ್ದೇನೆ. ಬೆಳಿಗ್ಗೆಯೂ ರಾತ್ರಿಯೂ ಅದು ತನ್ನ ಬಣ್ಣ ಬಿಟ್ಟುಕೊಟ್ಟಿಲ್ಲ. ಬಾಗಿಲಿನ ಅಂಚುಗಳಿಗೆ ಕಡು ಹಸಿರಿನ ಒಂದು ಸಣ್ಣ ಡಬ್ಬಿ ತಂದಾಗಿದೆ. ಅರಗಿನ ಪ್ರೈಮರ್ ಹಚ್ಚಿದ ಪರೀಕ್ಷೆಯ ಬಾಗಿಲು ಒಣಗುತ್ತಿದೆ, ನಾಡಿದ್ದು ಉಗುರಿನಿಂದ ಗೀರಿ ನೋಡಿ ಉಳಿದವನ್ನು ಕಳಚುತ್ತೇವೆ.