ಅಪ್‌ಡೇಟ್: ಕೊಯ್ಯದೆ ದಾರದಿಂದ ಕಿವಿ ಹಿಂದಕ್ಕೆ ಕೂರಿಸುವ ಬಗ್ಗೆ

ಮಗಳ ಮುಂಚಾಚಿದ ಕಿವಿಯನ್ನು ಚರ್ಮ ಕೊಯ್ಯದೆ ಸರಿಪಡಿಸಬಹುದಾ ಎಂದು ಕೇಳಿದ್ದೆ. ಆಗುತ್ತೆ, ಆದರೆ ಎಲ್ಲ ಕಿವಿಗೂ ಅಲ್ಲ.

ಕಿವಿಯ ಅಂಚನ್ನು ಬೆರಳಿಂದ ಹಗುರವಾಗಿ ಹಿಂದಕ್ಕೆ ಒತ್ತಿ ನೋಡಿ. ಅಂಚಿನ ಒಳಗಡೆ ಅದರ ಪಕ್ಕದಲ್ಲೇ ಇರಬೇಕಾದ ಮಡಿಕೆ (ಆಂಟಿಹೆಲಿಕ್ಸ್) ಸುಲಭವಾಗಿ ಮೂಡಿದರೆ ಮೃದ್ವಸ್ಥಿ, ಅಂದರೆ ಕಿವಿಗೆ ಆಕಾರ ಕೊಡುವ ಬಾಗುವ ಎಲುಬು, ಮೆತ್ತಗಿದೆ ಎಂದರ್ಥ. ಇಂಥ ಕಿವಿಗೆ ಈ ವಿಧಾನ ಒಪ್ಪುತ್ತೆ. ಮೃದ್ವಸ್ಥಿ ಗಟ್ಟಿಯಿದ್ದರೆ, ಕಿವಿಯ ನಡುವಿನ ಬಟ್ಟಲಿನಂಥ ಗುಳಿ ತೀರಾ ಆಳವಿದ್ದರೆ ಹಿಂದಿನಿಂದ ಕೊಯ್ಯುವ ಶಸ್ತ್ರಚಿಕಿತ್ಸೆಯೇ ಹೆಚ್ಚು ಭರವಸೆಯದು.

ಕರಗದ ದಾರವನ್ನು ಸೂಜಿ ಚುಚ್ಚಿದ ತೂತುಗಳ ಮೂಲಕ ಮೃದ್ವಸ್ಥಿಗೆ ಹಾಯಿಸಿ, ಗಂಟನ್ನು ಚರ್ಮದಡಿ ಹುದುಗಿಸುತ್ತಾರೆ. ಸೂಜಿ ಹೊರಬಂದ ತೂತಿನಲ್ಲೇ ಮತ್ತೆ ಒಳಹೋಗಬೇಕು, ಇಡೀ ಕೈಚಳಕ ಇರುವುದೇ ಇಲ್ಲಿ. ತಪ್ಪಿದರೆ ದಾರ ಚರ್ಮವನ್ನು ಎಳೆದು ಗುಳಿ ಬೀಳುತ್ತೆ. ಹೆಚ್ಚು ಬಿಗಿದರೆ ಮಡಿಕೆ ಚೂಪಾಗುತ್ತೆ. ದಾರ ಮೃದ್ವಸ್ಥಿಯನ್ನು ಕೊಯ್ದುಕೊಂಡು ಜಾರಿದರೆ ಕಿವಿ ಮತ್ತೆ ಮುಂದೆ ಬರುತ್ತೆ. ಕೆಲವು ತಿಂಗಳ ನಂತರವೂ ಗಂಟು ಹೊರಗೆ ಇಣುಕಬಹುದು.

ಆಮೇಲೆ ಕೆಲವು ವಾರ ರಾತ್ರಿ ತಲೆಪಟ್ಟಿ ಕಟ್ಟಲೇಬೇಕು, ನಿದ್ದೆಯಲ್ಲಿ ಕಿವಿ ಮಡಚದಿರಲಿ ಅಂತ. ಒಂದೇ ಕಿವಿಯಲ್ಲಿ ನೋವು ಏರುತ್ತಾ ಹೋದರೆ ರಕ್ತ ಕಟ್ಟಿರಬಹುದು ಅಥವಾ ಸೋಂಕು ತಗುಲಿರಬಹುದು, ಅವತ್ತೇ ತೋರಿಸಿ.

ನವಜಾತ ಶಿಶುವಿಗಾದರೆ ಮೊದಲ ಕೆಲವೇ ವಾರಗಳಲ್ಲಿ ಅಚ್ಚು ಅಂಟಿಸಿ ತಿದ್ದಬಹುದು, ಸೂಜಿಯೇ ಬೇಡ.