ಒಂದು ವಿಕಿಯ ಬರಹ ಇನ್ನೊಂದರಲ್ಲಿ ಕೆಡುತ್ತೆ, ನೀವೇನು ಮಾಡ್ತೀರಿ?

ಪ್ರಶ್ನೆ: ನನ್ನ ಹತ್ತಿರ ಮೂರು ವಿಕಿ ತಂತ್ರಾಂಶ: ಮನೆಯಲ್ಲಿ ಡೊಕುವಿಕಿ, ಫೋನಲ್ಲಿ ಟಿಡ್ಲಿವಿಕಿ, ಆಫೀಸಲ್ಲಿ ಮೀಡಿಯಾವಿಕಿ. ಟಿಪ್ಪಣಿಗಳೆಲ್ಲ ಕನ್ನಡದವು. ಅತ್ತಿಂದಿತ್ತ ಹಾಕಿದರೆ ದಪ್ಪಕ್ಷರ, ಲಿಂಕ್, ತಲೆಬರಹ ಎಲ್ಲ ಹಾಳು. ಯಾವುದಕ್ಕೆ ನಿಲ್ಲಲಿ?

ಉತ್ತರ 1: ಡೊಕುವಿಕಿ. ಪುಟಗಳೆಲ್ಲ ಬರೀ ಟೆಕ್ಸ್ಟ್ ಫೈಲು, ಡೇಟಾಬೇಸಿನ ಗೊಡವೆಯಿಲ್ಲ. ಮೀಡಿಯಾವಿಕಿಯಿಂದ ತರುವಾಗ ಕ್ರಮ ತಪ್ಪಬಾರದು. ಮೊದಲು ''' (ದಪ್ಪಕ್ಷರದ ಗುರುತು) ಇರುವುದನ್ನೆಲ್ಲ ** ಮಾಡಿ, ಆಮೇಲೆ '' (ಓರೆ ಅಕ್ಷರದ ಗುರುತು) ಇರುವುದನ್ನು // ಮಾಡಿ. ಹಿಂದುಮುಂದಾದರೆ ಪುಟದ ತುಂಬ ಒಂಟಿ ' ಉಳಿಯುತ್ತೆ. '' ಹಾಗೇ ಬಿಟ್ಟರೆ ಮೀಡಿಯಾವಿಕಿಯ ಓರೆ ಅಕ್ಷರ ಡೊಕುವಿನಲ್ಲಿ ಟೈಪ್‌ರೈಟರ್ ಅಕ್ಷರವಾಗುತ್ತೆ, ಟಿಡ್ಲಿಯಲ್ಲಿ ದಪ್ಪಕ್ಷರ. ತಲೆಬರಹಕ್ಕೆ = ಎಷ್ಟಿದೆಯೋ ಅದನ್ನು 7ರಿಂದ ಕಳೆಯಿರಿ: == ಇದ್ದದ್ದು =====. ಆರು = ಇದ್ದ ತೀರಾ ಚಿಕ್ಕ ತಲೆಬರಹ ಮಾತ್ರ ಬರೋದಿಲ್ಲ, ಡೊಕುವಿಗೆ ಕನಿಷ್ಠ ಎರಡು = ಬೇಕು.

ಉತ್ತರ 2: ನಿಜವಾದ ನಷ್ಟ ಲಿಂಕಿನಲ್ಲಿ, ಅದನ್ನೇ ಬಿಟ್ಟಿರಲ್ಲ! ಟಿಡ್ಲಿಯಲ್ಲಿ [[ಕಾಣುವ ಪದ|ಪುಟ]], ಉಳಿದೆರಡರಲ್ಲಿ [[ಪುಟ|ಕಾಣುವ ಪದ]]. ಅದಲುಬದಲಾದರೂ ಎರರ್ ಬರಲ್ಲ, ಇಲ್ಲದ ಪುಟಕ್ಕೆ ಲಿಂಕ್ ಹೋಗುತ್ತೆ ಅಷ್ಟೇ. ಟಿಡ್ಲಿ ಅಂಥದ್ದನ್ನು ಓರೆ ಅಕ್ಷರದಲ್ಲಿ ತೋರಿಸುತ್ತೆ, ಪಕ್ಕದ ಪಟ್ಟಿಯ 'ಮಿಸ್ಸಿಂಗ್' ಟ್ಯಾಬಲ್ಲಿ ಒಟ್ಟಿಗೇ ಸಿಗುತ್ತವೆ. ಅದನ್ನು ನೋಡದೆ ಹಳೆಯ ಪ್ರತಿ ಅಳಿಸಲೇಬೇಡಿ.

ಉತ್ತರ 3: ಮೂರನ್ನೂ ಬಿಡಿ. ಮಾರ್ಕ್‌ಡೌನ್‌ನಲ್ಲಿ (ಸರಳ ಗುರುತುಗಳ ಬರಹ ರೂಪ) ಬರೆದು ಅಬ್ಸಿಡಿಯನ್ ಎಂಬ ಟಿಪ್ಪಣಿ ಆ್ಯಪ್‌ನಲ್ಲಿಡಿ. ಡೊಕು, ಮೀಡಿಯಾವಿಕಿ ಎರಡನ್ನೂ ಪ್ಯಾಂಡಾಕ್ ಎಂಬ ರೂಪ ಬದಲಿಸುವ ತಂತ್ರಾಂಶ ಓದುತ್ತೆ. ಟೇಬಲ್ ಒಳಗಿನ ಲಿಂಕಲ್ಲಿ ಮಾತ್ರ \| ಹಾಕಿ, ಇಲ್ಲದಿದ್ದರೆ ಕಾಲಂ ಒಡೆಯುತ್ತೆ.

ಉತ್ತರ 1: ಕನ್ನಡದ ಟಿಪ್ಪಣಿ ಅಂದಿದ್ದಾರೆ, ಓದಿದಿರಾ? ಮಾರ್ಕ್‌ಡೌನ್‌ನಲ್ಲಿ **"ವಿಕಿ"**ಯನ್ನು ಅಂತ ಬರೆದು ನೋಡಿ. ಕಾಮನ್‌ಮಾರ್ಕ್ (ಮಾರ್ಕ್‌ಡೌನ್‌ನ ಪ್ರಮಾಣಿತ ರೂಪ) ನಿಯಮದಲ್ಲಿ ಮುಚ್ಚುವ ** ಗುರುತಿನ ಹಿಂದೆ " ಥರದ ಚಿಹ್ನೆ, ಮುಂದೆ ಅಕ್ಷರ ಇದ್ದರೆ ಅದು ಮುಚ್ಚುವುದೇ ಇಲ್ಲ. ನಕ್ಷತ್ರಗಳು ಹಾಗೇ ಉಳಿಯುತ್ತವೆ. ನಮ್ಮ ವಿಭಕ್ತಿ ಪ್ರತ್ಯಯ ಪದಕ್ಕೆ ಅಂಟಿಯೇ ಬರೋದು, ಪುಟಪುಟಕ್ಕೂ ಇದೇ ಗೋಳು.

ಉತ್ತರ 3: ಪ್ರತ್ಯಯವನ್ನೂ ನಕ್ಷತ್ರದೊಳಗೆ ಸೇರಿಸಿ, ಮುಗೀತು. ನಿಮ್ಮ ಡೊಕು ಕನ್ನಡ ಫೈಲ್ ಹೆಸರಿಗೆ ಮಾಡೋದನ್ನು ಹೇಳಿ ಮೊದಲು! ಕನ್ನಡದ ಒಂದೊಂದು ಯೂನಿಕೋಡ್ ಸಂಕೇತ 3 ಬೈಟ್, ಡೊಕು ಅದನ್ನು ಫೈಲ್ ಹೆಸರಲ್ಲಿ ಶೇಕಡಾ ಚಿಹ್ನೆಯ (%) ರೂಪದಲ್ಲಿ ಬರೆದಾಗ 9. ಫೈಲ್ ಹೆಸರಿನ ಮಿತಿ 255 ಬೈಟ್. 26-27 ಸಂಕೇತ ದಾಟಿದರೆ ಪುಟ ಸೇವ್ ಆಗಲ್ಲ. ಒತ್ತು, ಗುಣಿತ, ವಿರಾಮ (ಅರ್ಧಾಕ್ಷರದ ಗುರುತು) ಎಲ್ಲವೂ ಲೆಕ್ಕಕ್ಕೆ: 'ಕ್ಷ' ಒಂದೇ ಮೂರು.

ಉತ್ತರ 1: ಅದು ಡೀಫಾಲ್ಟ್ ಸೆಟ್ಟಿಂಗ್. ಫೈಲ್ ಹೆಸರಿನ ಎನ್‌ಕೋಡಿಂಗನ್ನು ಯುಟಿಎಫ್-8ಕ್ಕೆ ಬದಲಿಸಿದರೆ 80ರ ಆಸುಪಾಸು ಸಂಕೇತ ಹಿಡಿಯುತ್ತೆ. ಮೊದಲ ಪುಟ ಬರೆಯುವ ಮುಂಚೆಯೇ ಮಾಡಿ. ಪುಟಗಳಾದ ಮೇಲೆ ಬದಲಿಸಿದರೆ ಹಳೆಯವು ಹುಡುಕಿದರೂ ಸಿಗಲ್ಲ, ಒಂದೊಂದೇ ಫೈಲಿಗೆ ಹೊಸ ಹೆಸರಿಡಬೇಕು.

ಉತ್ತರ 2: ಟಿಡ್ಲಿಯಲ್ಲಿ ಇಡೀ ವಿಕಿಯೇ ಒಂದು ಫೈಲು. ಈ ರಗಳೆಯೇ ಇಲ್ಲ.